ಬಂದರಿನ ಒಂದು ಹಗಲು
ವಿಹಾರನೌಕೆಯಿಂದ ಇಳಿದು ಊರು ನೋಡುವ ಕುಟುಂಬಗಳಿಗೆ ಕೆಲವು ಮಾತು

ತಂದೆತಾಯಿಗಳ ಷಷ್ಟ್ಯಬ್ದಿಗೆ, ಮದುವೆಯ ಐವತ್ತನೆಯ ವರ್ಷಕ್ಕೆ ಮಕ್ಕಳು ಕಾಶಿ, ಶ್ರೀಶೈಲಗಳ ಯಾತ್ರೆ ಮಾಡಿಸುವುದು ನಮ್ಮ ಮನೆತನಗಳಲ್ಲಿ ಬಹು ಹಿಂದಿನಿಂದ ಬಂದ ರೂಢಿ. ಈಚೆಗೆ ಅದರ ಜೊತೆಗೆ ಸಮುದ್ರಯಾನವೂ ಸೇರಿಕೊಂಡಿದೆ. ಬೆಂಗಳೂರಿನಲ್ಲಿಯೋ ಲಂಡನ್ನಿನಲ್ಲಿಯೋ ಉದ್ಯೋಗದಲ್ಲಿರುವ ಮಗನು ದೊಡ್ಡ ವಿಹಾರನೌಕೆಯೊಂದರಲ್ಲಿ ಎಂಟು ದಿನಗಳ ಪ್ರಯಾಣಕ್ಕೆ ಹಣ ಕಟ್ಟಿ ತಂದೆತಾಯಿಗಳನ್ನು ಕರೆಸಿಕೊಳ್ಳುತ್ತಾನೆ. ಹಡಗಿನೊಳಗೆ ಅವರಿಗೆ ಯಾವ ಕೊರತೆಯೂ ಇರುವುದಿಲ್ಲ. ತೊಡಕು ಹುಟ್ಟುವುದು ಹಡಗು ಬಂದರಿನಲ್ಲಿ ನಿಂತ ದಿನಗಳಲ್ಲಿ. ಬೆಳಿಗ್ಗೆ ಇಳಿದು ಸಂಜೆಯೊಳಗೆ ಮರಳಬೇಕಾದ ಆ ಎಂಟು ಹತ್ತು ಗಂಟೆಗಳನ್ನು ಹೇಗೆ ಬಳಸಬೇಕೆಂಬುದನ್ನು ಹೊರಡುವ ಮೊದಲೇ ಕುಳಿತು ಯೋಚಿಸಿದ ಮನೆಗಳು ವಿರಳ.

ಇಟಲಿಯಿಂದ ಗ್ರೀಸಿನವರೆಗೆ ಇಂತಹದೊಂದು ಪ್ರಯಾಣವನ್ನು ಧಾರವಾಡ ಕಡೆಯ ಒಂದು ಭಕ್ತ ಕುಟುಂಬದೊಡನೆ ನಾವೂ ಮಾಡಿದೆವು. ರೋಮಿನ ಬಂದರಿನಲ್ಲಿ ಹತ್ತಿ ನೇಪಲ್ಸ್, ಸಾಂತೊರಿನಿ, ತುರ್ಕಿಯ ಕುಶಾದಾಸಿ ಇವುಗಳನ್ನು ನೋಡಿ ಅಥೆನ್ಸಿನ ಬಂದರಿನಲ್ಲಿ ಇಳಿದದ್ದು. ಅಲ್ಲಿ ಕಂಡುದನ್ನೂ ತಿಳಿದವರಿಂದ ಕೇಳಿದುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ರಹದಾರಿಯ ವಿಚಾರ. ಇಟಲಿ, ಗ್ರೀಸ್ ಎರಡೂ ಶೆಂಗೆನ್ ಒಕ್ಕೂಟಕ್ಕೆ ಸೇರಿದವು, ತುರ್ಕಿ ಸೇರಿಲ್ಲ. ಹಡಗು ಇಟಲಿಯಿಂದ ಹೊರಟು ತುರ್ಕಿಯನ್ನು ಮುಟ್ಟಿ ಮತ್ತೆ ಗ್ರೀಸಿಗೆ ಬಂದರೆ, ನೀವು ಒಕ್ಕೂಟದಿಂದ ಹೊರಗೆ ಹೋಗಿ ಎರಡನೆಯ ಬಾರಿ ಒಳಗೆ ಬಂದಂತಾಯಿತು. ಒಂದೇ ಪ್ರವೇಶದ ವೀಸಾ ಆ ಎರಡನೆಯ ಪ್ರವೇಶಕ್ಕೆ ಸಲ್ಲದು. ಆದಕಾರಣ ಹಲವು ಪ್ರವೇಶಗಳ ವೀಸಾವನ್ನೇ ಕೇಳತಕ್ಕದ್ದು. ತುರ್ಕಿಗೆ ಭಾರತೀಯರು ಬೇರೆ ವೀಸಾ ಪಡೆಯಬೇಕು. ಶೆಂಗೆನ್, ಅಮೆರಿಕ, ಬ್ರಿಟನ್ ವೀಸಾ ಉಳ್ಳವರಿಗೆ ಅದು ಕೆಲವು ನಿಬಂಧನೆಗಳಿಗೆ ಒಳಪಟ್ಟು ಅಂತರಜಾಲದ ಮೂಲಕವೇ ದೊರೆಯುವ ವ್ಯವಸ್ಥೆಯಿದೆ. ‘ಹಡಗಿನಿಂದ ನಾವು ಇಳಿಯುವುದಿಲ್ಲ, ವೀಸಾ ಏಕೆ’ ಎಂದು ವಾದಿಸುವವರುಂಟು. ದಾರಿಯ ಎಲ್ಲ ದೇಶಗಳ ಪತ್ರಗಳೂ ಇಲ್ಲದವರನ್ನು ಹಡಗಿನವರು ಮೊದಲ ದಿನವೇ ಹತ್ತಗೊಡದಿರಬಹುದು. ಕಟ್ಟಿದ ಹಣವೂ ಹೋಗುತ್ತದೆ, ತಂದೆತಾಯಿಗಳ ಮುಖವೂ ಬಾಡುತ್ತದೆ.

ಊರಿನ ಹೆಸರು, ಬಂದರಿನ ಹೆಸರು

ಪ್ರಯಾಣದ ಪತ್ರಿಕೆಯಲ್ಲಿ ‘ರೋಮ್’ ಎಂದು ಅಚ್ಚಾಗಿರುತ್ತದೆ. ಆದರೆ ರೋಮ್ ಸಮುದ್ರದ ದಂಡೆಯ ಮೇಲಿಲ್ಲ. ಹಡಗು ನಿಲ್ಲುವುದು ಚಿವಿತಾವೆಕ್ಕಿಯ ಎಂಬ ಬಂದರಿನಲ್ಲಿ. ಅಲ್ಲಿಂದ ರೋಮಿಗೆ ಸುಮಾರು 70 ಕಿಲೊಮೀಟರು. ‘ಫ್ಲಾರೆನ್ಸ್’ ಎಂದರೆ ಲಿವೋರ್ನೊ; ಊರಿಗೆ ಹತ್ತಿರ ಹತ್ತಿರ 90 ಕಿಲೊಮೀಟರು. ‘ವೆನಿಸ್’ ಎಂಬುದಂತೂ ಇನ್ನೂ ಎಚ್ಚರಿಕೆಯಿಂದ ಓದಬೇಕಾದ ಪದ. 2021ರ ಆಗಸ್ಟಿನಿಂದ ದೊಡ್ಡ ಹಡಗುಗಳು ಆ ಊರಿನ ನಡುಗಾಲುವೆಯಲ್ಲಿ ಬರುವುದನ್ನು ಇಟಲಿಯ ಸರ್ಕಾರ ನಿಷೇಧಿಸಿದೆ. ಆದ್ದರಿಂದ ಕೆಲವು ಹಡಗುಗಳು ಮಾರ್ಗೇರದಲ್ಲಿ, ಕೆಲವು ತ್ರಿಯೆಸ್ತದಲ್ಲಿ, ಕೆಲವು ರವೆನ್ನದಲ್ಲಿ ನಿಲ್ಲುತ್ತವೆ. ರವೆನ್ನದಿಂದ ವೆನಿಸ್ಸಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮಿಕ್ಕಿದ ದಾರಿ. ನೇಪಲ್ಸ್ ಹಾಗಲ್ಲ, ಹಡಗಿನಿಂದ ಇಳಿದು ಹತ್ತು ನಿಮಿಷ ನಡೆದರೆ ಹಳೆಯ ಕೋಟೆಯೇ ಎದುರಿಗೆ ನಿಂತಿರುತ್ತದೆ.

ನಮ್ಮ ನಾಡಿನದೇ ನಿದರ್ಶನ ಕೊಟ್ಟರೆ ಇದು ಬೇಗ ಮನಸ್ಸಿಗೆ ಹತ್ತೀತು. ಮಂಗಳೂರಿನ ಪಣಂಬೂರಿಗೂ ವಿದೇಶದ ವಿಹಾರನೌಕೆಗಳು ಬರುತ್ತವೆ. ಅವುಗಳಿಂದ ಇಳಿದವರು ಕುದ್ರೋಳಿಯ ಗೋಕರ್ಣನಾಥ ದೇವಾಲಯವನ್ನೂ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಿ ಸಂಜೆಯೊಳಗೆ ಮರಳುತ್ತಾರೆ. ಕರ್ನಾಟಕಕ್ಕೆ ಬಂದ ಮೇಲೆ ಹಂಪಿಯನ್ನು ನೋಡದೆ ಹೋಗುವುದೆ ಎಂದು ಅವರಲ್ಲಿ ಯಾರಾದರೂ ಹೊರಟರೆ ನಾವೇ ನಕ್ಕು ತಡೆಯುತ್ತೇವೆ. ಆದರೆ ಪರದೇಶಕ್ಕೆ ಹೋದಾಗ ಈ ವಿವೇಕ ನಮ್ಮಿಂದ ದೂರವಾಗುತ್ತದೆ; ಒಂದೇ ಹಗಲಿನಲ್ಲಿ ಪೀಸಾದ ವಾಲುಗೋಪುರವನ್ನೂ ಫ್ಲಾರೆನ್ಸಿನ ಚಿತ್ರಶಾಲೆಯನ್ನೂ ಮುಗಿಸಬೇಕೆನ್ನುತ್ತೇವೆ.

ಗಂಟೆಗಳ ಲೆಕ್ಕ ಹಾಕುವ ರೀತಿಯನ್ನು ರೋಮಿನ ಮೇಲೆಯೇ ತೋರಿಸುವೆವು. ಹಡಗು ಬೆಳಿಗ್ಗೆ 7ಕ್ಕೆ ನಿಂತು ಸಂಜೆ 7ಕ್ಕೆ ಹೊರಡುತ್ತದೆಂದು ಇಟ್ಟುಕೊಳ್ಳಿ. ಹನ್ನೆರಡು ಗಂಟೆ ಕೈಯಲ್ಲಿದೆ ಎಂದು ಮನಸ್ಸು ಹಿಗ್ಗುತ್ತದೆ. ಅಧಿಕಾರಿಗಳ ತಪಾಸಣೆ ಮುಗಿದು, ಸಾವಿರಾರು ಜನರ ಸಾಲಿನಲ್ಲಿ ನಿಂತು ನೆಲಕ್ಕೆ ಕಾಲಿಡುವಾಗ 8 ಆಗುತ್ತದೆ. ಬಂದರು ಬಹಳ ದೊಡ್ಡದು, ಅದರ ದ್ವಾರದವರೆಗೆ ಬಸ್ಸು, ಅಲ್ಲಿಂದ ರೈಲು ನಿಲ್ದಾಣ. ಸಾಮಾನ್ಯ ರೈಲಿನಲ್ಲಿ ರೋಮಿನ ಮುಖ್ಯ ನಿಲ್ದಾಣಕ್ಕೆ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಊರು ಮುಟ್ಟುವಾಗ 10. ಹಡಗು 7ಕ್ಕೆ ಹೊರಡುವುದಾದರೂ ಎಲ್ಲರೂ ಒಳಗಿರಬೇಕಾದ ವೇಳೆ ಅದಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲು. ಒಂದು ರೈಲು ತಪ್ಪಿದರೂ ಇನ್ನೊಂದು ದೊರೆಯುವಂತೆ ಹೊರಡಬೇಕಾದರೆ ಮಧ್ಯಾಹ್ನ 3:30ಕ್ಕೆ ರೋಮನ್ನು ಬಿಡಬೇಕು. ಊಟಕ್ಕೆ ಒಂದು ಗಂಟೆ ಕಳೆದರೆ ಉಳಿಯುವುದು ನಾಲ್ಕೂವರೆ ಗಂಟೆ ಮಾತ್ರ. ಅಷ್ಟರಲ್ಲಿ ವ್ಯಾಟಿಕನ್ ಅಥವಾ ಕಲೋಸಿಯಮ್, ಎರಡರಲ್ಲಿ ಒಂದನ್ನು ಸಮಾಧಾನದಿಂದ ನೋಡಬಹುದು. ವ್ಯಾಟಿಕನ್ನಿಗಷ್ಟೇ ಹೋಗುವವರು ಮುಖ್ಯ ನಿಲ್ದಾಣದವರೆಗೂ ಹೋಗದೆ ಸಾನ್ ಪಿಯೆತ್ರೊದಲ್ಲಿ ಇಳಿದುಕೊಂಡರೆ ಹತ್ತಿರ. ಅಲ್ಲಿಯ ವಸ್ತುಸಂಗ್ರಹಾಲಯಗಳಿಗೆ ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟು ಉಳಿದ ಭಾನುವಾರಗಳಲ್ಲಿ ರಜೆ. ಚರ್ಚಿನೊಳಗೆ ಹೆಗಲು, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ಸೀರೆಯುಟ್ಟ ನಮ್ಮ ತಾಯಂದಿರಿಗೆ ಈ ಚಿಂತೆಯಿಲ್ಲ, ಮೊಮ್ಮಕ್ಕಳ ಚಡ್ಡಿಯ ಕಡೆ ಗಮನವಿರಲಿ.

ಹಡಗು ಯಾರಿಗಾಗಿ ಕಾಯುತ್ತದೆ

ಬಂದರಿನ ಊರನ್ನು ಎರಡು ಬಗೆಯಲ್ಲಿ ನೋಡಬಹುದು. ಹಡಗಿನವರೇ ಏರ್ಪಡಿಸಿದ ತೀರಪ್ರವಾಸಕ್ಕೆ ಹಣ ಕೊಟ್ಟು ಅವರ ಬಸ್ಸಿನಲ್ಲಿ ಹೋಗುವುದು ಒಂದು. ಸ್ವಂತವಾಗಿ ರೈಲು, ಬಸ್ಸು, ಬಾಡಿಗೆ ಕಾರು ಹಿಡಿದೋ ಬೇರೆ ಸಂಸ್ಥೆಯ ಮೂಲಕವೋ ಹೋಗುವುದು ಇನ್ನೊಂದು. ಮೊದಲನೆಯದರ ದರ ಹೆಚ್ಚು. ಕುಟುಂಬದಲ್ಲಿ ಆರು ಜನರಿದ್ದರೆ ಆ ಹಣದಲ್ಲಿ ಸ್ವಂತಕ್ಕೊಂದು ವಾಹನವನ್ನೇ ಗೊತ್ತುಮಾಡಿ, ಹಿರಿಯರನ್ನು ಬಾಗಿಲಿನಿಂದ ಬಾಗಿಲಿಗೆ ಕರೆದೊಯ್ಯಬಹುದು. ಆದರೆ ಒಂದು ವ್ಯತ್ಯಾಸವನ್ನು ತಿಳಿದು ಆರಿಸಿಕೊಳ್ಳಬೇಕು. ಹಡಗಿನವರ ಬಸ್ಸು ತಡವಾದರೆ ಹಡಗು ಅದಕ್ಕಾಗಿ ಕಾಯುತ್ತದೆ. ಕಾಯಲಾಗದಿದ್ದರೆ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದೇ. ಸ್ವಂತವಾಗಿ ಹೋದವರು ತಡಮಾಡಿದರೆ ಕಾಯಬೇಕಾದ ನಿರ್ಬಂಧ ಅದಕ್ಕಿಲ್ಲ.

ಇದು ಬರಿಯ ಬೆದರಿಕೆಯ ಮಾತಲ್ಲ. 2024ರ ಮಾರ್ಚಿನಲ್ಲಿ ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ಟೋಮೆ ದ್ವೀಪದಲ್ಲಿ ಎಂಟು ಜನ ಪ್ರಯಾಣಿಕರು ಸ್ವಂತ ಏರ್ಪಾಟಿನ ಪ್ರವಾಸಕ್ಕೆ ಹೋಗಿ ತಡವಾಗಿ ಮರಳಿದರು. ಹಡಗು ಅವರ ಕಣ್ಣೆದುರಿನಲ್ಲಿಯೇ ಲಂಗರಿನಲ್ಲಿತ್ತು, ಆದರೂ ಹತ್ತಿಸಿಕೊಳ್ಳಲಿಲ್ಲ. ಹಡಗನ್ನು ಕೂಡಿಕೊಳ್ಳಲು ಅವರು ಗಾಂಬಿಯಾ ದೇಶದವರೆಗೆ ಹೋದರೆ, ಇಳಿತದ ಕಾರಣದಿಂದ ಹಡಗು ಆ ಬಂದರನ್ನು ಮುಟ್ಟಲೇ ಇಲ್ಲ. ಕಡೆಗೆ ಸೆನೆಗಲ್ಲಿನ ಡಾಕರ್ ಪಟ್ಟಣದಲ್ಲಿ ಅದನ್ನು ಹಿಡಿದರು. ಭಾರತದ ರಹದಾರಿ ಹಿಡಿದವರಿಗೆ ಅಂತಹ ಸ್ಥಿತಿಯಲ್ಲಿ ಪ್ರತಿಯೊಂದು ಗಡಿಯಲ್ಲೂ ವೀಸಾದ ಪ್ರಶ್ನೆ ಬೇರೆ ಏಳುತ್ತದೆ.

ನಮ್ಮ ಅಭಿಪ್ರಾಯ ಹೀಗೆ: ಊರು ದೂರವಿದ್ದಲ್ಲಿ, ಒಂದೇ ರಸ್ತೆ ಒಂದೇ ರೈಲನ್ನು ನೆಚ್ಚಬೇಕಾದಲ್ಲಿ, ಭಾಷೆ ಏನೂ ತಿಳಿಯದಲ್ಲಿ ಹಡಗಿನವರ ಪ್ರವಾಸವೇ ಲೇಸು. ಬಂದರು ಊರಿಗೆ ಅಂಟಿಕೊಂಡಿದ್ದರೆ ಸ್ವಂತವಾಗಿ ಹೋಗಿರಿ. ಅಥೆನ್ಸಿನ ಬಂದರು ಪಿರೇಯಸ್ಸಿನಿಂದ ಊರಿನ ನಡುವಿಗೆ ಸುಮಾರು 10 ಕಿಲೊಮೀಟರು. ಮೆಟ್ರೊ ರೈಲು ಅರ್ಧ ಗಂಟೆಯೊಳಗೆ ಮೊನಸ್ತಿರಾಕಿಗೆ ತಲುಪಿಸುತ್ತದೆ. ಅದಕ್ಕಾಗಿ ದೊಡ್ಡ ಮೊತ್ತ ತೆರುವುದೇಕೆ? ಅಕ್ರೊಪೊಲಿಸ್ ಗುಡ್ಡಕ್ಕೆ ಮಾತ್ರ ವೇಳೆ ಗೊತ್ತುಮಾಡಿದ ಚೀಟಿಯನ್ನು ಮುಂಗಡವಾಗಿ ಪಡೆಯಬೇಕು. 2023ರಿಂದ ದಿನಕ್ಕೆ 20,000 ಜನರ ಮಿತಿಯಿದೆ. 2023 ಮತ್ತು 2024ರ ಬೇಸಿಗೆಗಳಲ್ಲಿ ಬಿಸಿಲಿನ ಬೇಗೆಯಿಂದ ಮಧ್ಯಾಹ್ನ ಕೆಲವು ಗಂಟೆ ಗುಡ್ಡವನ್ನು ಮುಚ್ಚಿದ್ದೂ ಉಂಟು. ಆದ್ದರಿಂದ ಬೆಳಗಿನ ವೇಳೆಯನ್ನೇ ಆರಿಸಿಕೊಳ್ಳುವುದು.

ಖಾಸಗಿಯಾಗಿ ವಾಹನ ಗೊತ್ತುಮಾಡುವಾಗ ಒಂದು ಮಾತನ್ನು ಬರಹದಲ್ಲಿ ಪಡೆಯಿರಿ: ಹಡಗು ಆ ಬಂದರಿಗೆ ಬಾರದೆ ಹೋದರೆ ಹಣ ಹಿಂದಿರುಗಿಸಬೇಕು. ಗಾಳಿ, ಅಲೆಗಳ ಕಾರಣದಿಂದ ಬಂದರನ್ನು ಬಿಟ್ಟು ಮುಂದೆ ಹೋಗುವ ಅಧಿಕಾರ ಕಪ್ತಾನನಿಗೆ ಇದ್ದೇ ಇದೆ.

ಗಡಿಯಾರದ ವಿಷಯದಲ್ಲಿಯೂ ಎಚ್ಚರ ಬೇಕು. ಇಟಲಿಗೂ ಗ್ರೀಸಿಗೂ ಒಂದು ಗಂಟೆಯ ಅಂತರ. ತುರ್ಕಿಯು ವರ್ಷವಿಡೀ ಒಂದೇ ವೇಳೆಯನ್ನು ಪಾಲಿಸುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಗ್ರೀಸಿನ ವೇಳೆಯೂ ಅದೂ ಒಂದೇ, ಚಳಿಗಾಲದಲ್ಲಿ ಒಂದು ಗಂಟೆಯ ವ್ಯತ್ಯಾಸ. ಕಿಸೆಯ ಮೊಬೈಲು ತಾನಾಗಿಯೇ ಆ ನೆಲದ ವೇಳೆಗೆ ಬದಲಾಗುತ್ತದೆ. ಹಡಗು ಬದಲಾಯಿಸಿರಬಹುದು, ಬದಲಾಯಿಸದೆಯೂ ಇರಬಹುದು. ಮನೆಯ ಯಜಮಾನರ ಕೈಗಡಿಯಾರ ಯಾವಾಗಲೂ ಹಡಗಿನ ವೇಳೆಯನ್ನೇ ತೋರಿಸುತ್ತಿರಲಿ.

ಇಳಿಯುವಾಗ ಹಡಗಿನ ಚೀಟಿ, ರಹದಾರಿಯ ಪ್ರತಿ, ಔಷಧಿ, ಸ್ವಲ್ಪ ನಗದು, ಹಾಗೂ ಹಡಗಿನ ದಿನಪತ್ರಿಕೆ ಪ್ರತಿಯೊಬ್ಬರ ಬಳಿಯೂ ಪ್ರತ್ಯೇಕವಾಗಿ ಇರಬೇಕು. ಎಲ್ಲವೂ ಮಗನ ಚೀಲದಲ್ಲಿದ್ದು, ಗುಂಪಿನಲ್ಲಿ ತಾಯಿ ತಪ್ಪಿಸಿಕೊಂಡರೆ ಗತಿಯೇನು? ಆ ದಿನಪತ್ರಿಕೆಯಲ್ಲಿ ಹಡಗಿನ ಬಂದರು ಪ್ರತಿನಿಧಿಯ ದೂರವಾಣಿ ಸಂಖ್ಯೆ ಅಚ್ಚಾಗಿರುತ್ತದೆ. ತಡವಾದಾಗ ಮೊದಲು ಕರೆಯಬೇಕಾದುದು ಅದನ್ನೇ.

ಸಾಂತೊರಿನಿಯಲ್ಲಿ ಒಂದು ನಿರ್ಧಾರ

ನಮ್ಮ ಗುಂಪಿನಲ್ಲಿ ಎಪ್ಪತ್ತೆರಡು ವರ್ಷದ ತಾಯಿಯೊಬ್ಬರಿದ್ದರು. ಎರಡೂ ಮೊಣಕಾಲುಗಳ ನೋವು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಜೊತೆಗೆ. ನೇಪಲ್ಸಿನಲ್ಲಿ ಇಳಿದು ಪೊಂಪೆಯಿ ಪಟ್ಟಣದ ಅವಶೇಷಗಳನ್ನು ನೋಡಹೋದ ದಿನ ಅವರು ಬಹಳ ಬಳಲಿದರು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು ಅದು. ಬೀದಿಗಳಿಗೆ ಹಾಸಿದ ಬಂಡೆಗಲ್ಲುಗಳು ಏರುಪೇರು, ನೆರಳು ಕಡಿಮೆ. ಆಂಫಿಥಿಯೇಟರಿನ ಕಡೆಯ ದ್ವಾರದಿಂದ ಗಾಲಿಕುರ್ಚಿಗೂ ಅನುಕೂಲವಾದ ಹಾದಿಯೊಂದನ್ನು ಮಾಡಿದ್ದಾರೆ. ಕಾಲುನೋವಿನವರು ಅದನ್ನೇ ಕೇಳಿಕೊಂಡು ಹೋಗತಕ್ಕದ್ದು. ಅಂದು ಸೊಸೆಯು ಅತ್ತೆಯ ಕೈಹಿಡಿದು ನೆರಳಿದ್ದಲ್ಲಿ ಕುಳ್ಳಿರಿಸಿ, ನೀರು ಕುಡಿಸಿ, ತಾನು ಅರ್ಧ ಊರನ್ನೂ ನೋಡಲಿಲ್ಲ. ಅದನ್ನು ಆಕೆ ದೂರಾಗಿ ಹೇಳಲಿಲ್ಲ. ನಾವು ಗಮನಿಸಿದೆವು.

ಮುಂದಿನದು ಸಾಂತೊರಿನಿ. ಇಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ಜ್ವಾಲಾಮುಖಿ ಕುಸಿದು ಆದ ಆಳವಾದ ಕೊಳ್ಳದ ನಡುವೆ ನಿಲ್ಲುತ್ತದೆ. ಸಣ್ಣ ದೋಣಿಗಳಲ್ಲಿ ಹಳೆಯ ಬಂದರಿಗೆ ಸಾಗಿಸುತ್ತಾರೆ. ಹಡಗಿನ ಮೆಟ್ಟಿಲಿನಿಂದ ಓಲಾಡುವ ದೋಣಿಗೆ ಕಾಲಿಡುವುದು ಮುದುಕರಿಗೆ ಸುಲಭವಲ್ಲ. ಅಲ್ಲಿಂದ ಊರು ಕಡಿದಾದ ಬಂಡೆಯ ನೆತ್ತಿಯಲ್ಲಿದೆ. ಮೇಲಕ್ಕೆ ಸುಮಾರು ಆರುನೂರು ಮೆಟ್ಟಿಲು, ಇಲ್ಲವೆ ಕತ್ತೆಯ ಸವಾರಿ, ಇಲ್ಲವೆ ತಂತಿಯ ಮೇಲೆ ಓಡುವ ತೊಟ್ಟಿಲು ಗಾಡಿ. ಕತ್ತೆಗಳು ಅದೇ ಮೆಟ್ಟಿಲುಗಳ ಮೇಲೆ ಓಡಾಡುವುದರಿಂದ ದಾರಿ ಜಾರುತ್ತದೆ. ಆ ಮೂಕಪ್ರಾಣಿಗಳ ಮೇಲೆ ಬಿಸಿಲಿನಲ್ಲಿ ಭಾರ ಹೇರುವುದು ನಮಗೆ ಸೇರದು. ಒಂದೇ ದಿನ ನಾಲ್ಕಾರು ಹಡಗುಗಳು ಬಂದರೆ ತೊಟ್ಟಿಲು ಗಾಡಿಗೆ ಸಂಜೆ ಇಳಿಯುವ ಹೊತ್ತಿನಲ್ಲಿ ಗಂಟೆಗೂ ಹೆಚ್ಚು ಸಾಲು. ಈ ನೂಕುನುಗ್ಗಲನ್ನು ತಗ್ಗಿಸಲೆಂದೇ 2025ರಿಂದ ದಿನಕ್ಕೆ 8,000 ಹಡಗು ಪ್ರಯಾಣಿಕರೆಂಬ ಮಿತಿಯನ್ನು ಹಾಕಿದ್ದಾರೆ. ಅದೇ ವರ್ಷದ ಜುಲೈಯಿಂದ ಬೇಸಿಗೆಯ ತಿಂಗಳುಗಳಲ್ಲಿ ತಲೆಗೆ 20 ಯೂರೊ ತೆರಿಗೆಯೂ ಬಂದಿದೆ.

ಹಿಂದಿನ ರಾತ್ರಿ ಊಟದ ಮೇಜಿನ ಬಳಿ ಮಾತು ಬಂತು. ಮಗ, ‘ಇಷ್ಟು ದೂರ ಬಂದು ಅವ್ವ ಇಳೀಲಿಲ್ಲ ಅಂದ್ರ ಹೆಂಗ?’ ಎಂದ. ಗಾಲಿಕುರ್ಚಿ, ಹೊತ್ತು ಏರಿಸುವವರು ಎಂದೆಲ್ಲ ವಿಚಾರಿಸತೊಡಗಿದ. ತಾಯಿ ಬಹಳ ಹೊತ್ತು ಸುಮ್ಮನಿದ್ದು, ‘ತಮ್ಮಾ, ನನಗ ನೋಡಬೇಕಂತ ಆಸೆ ಐತಿ, ಏರಬೇಕಂತ ಇಲ್ಲ. ನಾ ಇಲ್ಲಿಂದನ ನೋಡ್ತೀನಿ. ನೀ ಅಕಿನ್ನ ಕರಕೊಂಡು ಹೋಗು’ ಎಂದರು. ಸೊಸೆ ಒಪ್ಪಲಿಲ್ಲ, ತಾನು ಉಳಿಯುವೆನೆಂದಳು. ಆಗ ನಾವು, ನಮಗೂ ಮೆಟ್ಟಿಲಿನ ಹಂಬಲವಿಲ್ಲ, ತಾಯಿಯವರೊಡನೆ ನಾವಿರುತ್ತೇವೆ ಎಂದೆವು.

ಮರುದಿನ ಅವರೆಲ್ಲ ಇಳಿದುಹೋದ ಮೇಲೆ ಹಡಗಿನ ಮೇಲಟ್ಟದಲ್ಲಿ ನಾವಿಬ್ಬರೂ ಕುಳಿತೆವು. ಸಾವಿರಾರು ಜನ ಖಾಲಿಮಾಡಿದ ಹಡಗು ಮಠದ ಅಂಗಳದಷ್ಟು ಶಾಂತವಾಗಿತ್ತು. ಸುತ್ತಲೂ ಕಪ್ಪು, ಕೆಂಪು ಪದರಗಳ ಗೋಡೆಯಂತಹ ಬಂಡೆ. ಅದರ ನೆತ್ತಿಯಲ್ಲಿ ಸುಣ್ಣ ಬಳಿದ ಮನೆಗಳ ಸಾಲು. ಆ ಇಡಿಯ ನೋಟ ಮೇಲೇರಿದವರಿಗೆ ದೊರೆಯುವುದಿಲ್ಲ, ಏಕೆಂದರೆ ಅವರು ನಿಂತಿರುವುದೇ ಅದರ ಮೇಲೆ. ತಾಯಿಯವರು ತಮ್ಮ ಮದುವೆಯ ಕಾಲದ, ಮಲಪ್ರಭೆಯ ನೆರೆಯ ಕಥೆಗಳನ್ನು ಹೇಳಿದರು. ಸಂಜೆ ಸೊಸೆ ಮರಳಿದಾಗ ಮುಖದಲ್ಲಿ ಅದುವರೆಗೆ ನಾವು ಕಾಣದ ಗೆಲವಿತ್ತು. ಇಯಾ ಎಂಬ ಹಳ್ಳಿಯ ಗಲ್ಲಿಗಳಲ್ಲಿ ಎರಡು ಗಂಟೆ ಯಾರ ಕೈಯನ್ನೂ ಹಿಡಿಯದೆ ನಡೆದೆನೆಂದು ಅತ್ತೆಯ ಮುಂದೆ ಕುಳಿತು ವಿವರವಾಗಿ ಹೇಳಿದಳು.

ಆದ್ದರಿಂದ ಮನೆಯವರಿಗೆ ನಾವು ಹೇಳುವುದು: ಐದು ಬಂದರುಗಳಿದ್ದರೆ ಐದರಲ್ಲೂ ಎಲ್ಲರೂ ಇಳಿಯಬೇಕಾಗಿಲ್ಲ. ಹಿರಿಯರಿಗೆ ಒಗ್ಗುವ ಎರಡು ಊರುಗಳನ್ನು ಹೊರಡುವ ಮೊದಲೇ ಗುರುತಿಸಿ. ಎಲ್ಲಿ ದೋಣಿ, ಎಲ್ಲಿ ಮೆಟ್ಟಿಲು, ಎಷ್ಟು ನಡಿಗೆ ಎಂಬುದನ್ನು ಹಡಗಿನ ಪ್ರವಾಸ ವಿಭಾಗದಲ್ಲಿ ಕೇಳಿ ತಿಳಿಯಿರಿ. ಹಾಗೂ ಆರೈಕೆಯ ಸರದಿಯನ್ನು ಗಂಡಸರೂ ಹಂಚಿಕೊಳ್ಳಲಿ. ಹಣ ಕಟ್ಟಿದವನು ಮಗನಿರಬಹುದು. ದಿನವಿಡೀ ದುಡಿಯುವವಳು ಸಾಮಾನ್ಯವಾಗಿ ಬೇರೆಯವಳು.

ಎಫೆಸಸ್ ಮತ್ತು ಜಮಖಾನೆ

ಕುಶಾದಾಸಿಯಿಂದ ಎಫೆಸಸ್ಸಿನ ಅವಶೇಷಗಳಿಗೆ 20 ಕಿಲೊಮೀಟರಿನ ಒಳಗೆ. ಆ ಪ್ರಾಚೀನ ಪಟ್ಟಣಕ್ಕೆ ಮೇಲೊಂದು, ಕೆಳಗೊಂದು ದ್ವಾರ. ಮೇಲಿನ ದ್ವಾರದಲ್ಲಿ ಇಳಿಸಿ ಕೆಳಗಿನ ದ್ವಾರದಲ್ಲಿ ಕಾಯುವಂತೆ ಚಾಲಕನಿಗೆ ಹೇಳಿದರೆ ದಾರಿಯೆಲ್ಲ ಇಳಿಜಾರು. ತಾಯಿಯವರು ಇಲ್ಲಿ ನಮ್ಮೊಡನೆ ನಡೆದರು. ಸೆಲ್ಸಸ್ ಗ್ರಂಥಾಲಯದ ಮುಂಭಾಗವನ್ನು ಬಹಳ ಹೊತ್ತು ನೋಡಿದರು. ಆದರೆ ನಾವು ಗೊತ್ತುಮಾಡಿಕೊಂಡ ಮಾರ್ಗದರ್ಶಿಯು ಮರಳುವಾಗ ರತ್ನಗಂಬಳಿಯ ಅಂಗಡಿಯೊಂದಕ್ಕೆ ಕರೆದೊಯ್ದು, ಚಹಾ ಕೊಡಿಸಿ, ಒಂದು ಗಂಟೆಗೂ ಮೀರಿ ಕೂರಿಸಿದ. ಒಂದರ ಮೇಲೊಂದು ಹಾಸಿ ತೋರಿಸುತ್ತಿದ್ದವರಿಗೆ ತಾಯಿಯವರು, ‘ಇದು ಗಂಟಿನ ನೇಯ್ಗಿ, ನಮ್ಮ ನವಲಗುಂದದ್ದು ಗಂಟಿಲ್ಲದ್ದು’ ಎಂದು ಕನ್ನಡದಲ್ಲಿಯೇ ತಿಳಿಸಿಕೊಟ್ಟು ಏನನ್ನೂ ಕೊಳ್ಳದೆ ಎದ್ದರು. ಇಂತಹ ಅಂಗಡಿಗಳ ಭೇಟಿ ಅಲ್ಲಿಯ ಪ್ರವಾಸಗಳಲ್ಲಿ ಸಾಮಾನ್ಯ. ಬೇಡವೆನ್ನುವವರು ಹಣ ಕೊಡುವ ಮೊದಲೇ ‘ಅಂಗಡಿಗೆ ಹೋಗುವುದಿಲ್ಲ’ ಎಂದು ಬರೆಸಿಕೊಳ್ಳಬೇಕು.

ಊಟ, ಪೂಜೆ

ದಡದಲ್ಲಿ ಸಸ್ಯಾಹಾರ ದೊರೆಯದೆಂಬ ಅಂಜಿಕೆ ಅರ್ಧ ನಿಜ. ಗ್ರೀಸಿನಲ್ಲಿ ‘ನಿಸ್ತಿಸಿಮ’ ಎಂಬ ಮಾತನ್ನು ಕಲಿತುಕೊಳ್ಳಿ. ಅವರ ವ್ರತದ ದಿನಗಳ, ಮಾಂಸ ಹಾಲು ಮೊಟ್ಟೆಗಳಿಲ್ಲದ ಅಡುಗೆ ಅದು. ಆದರೂ ಚಿಪ್ಪುಮೀನಿನಂತಹವು ಅವರ ವ್ರತಕ್ಕೆ ಅಡ್ಡಿಯಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಸಾಂತೊರಿನಿಯ ‘ಫಾವ’ ನಮ್ಮ ಗಟ್ಟಿ ತೊವ್ವೆಯ ಸೋದರ. ತುರ್ಕಿಯಲ್ಲಿ ಪಾಲಕ್ ಅಥವಾ ಆಲೂಗಡ್ಡೆ ತುಂಬಿದ ‘ಗೊಜ್ಲೆಮೆ’ ರೊಟ್ಟಿ ದೊರೆಯುತ್ತದೆ. ಇಟಲಿಯಲ್ಲಿ ತರಕಾರಿ ಸಾರಿಗೂ ಮಾಂಸದ ರಸ ಸೇರಿರಬಹುದು. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯ ರೆನ್ನೆಟ್ ಹಾಕಿಯೇ ತಯಾರಿಸುತ್ತಾರೆ. ಕಟ್ಟುನಿಟ್ಟಿನವರಿಗೆ ಚೀಸ್ ಇಲ್ಲದ ‘ಮರಿನಾರ’ ಪಿಜ್ಜಾ ಇದೆ. ಹಡಗಿನ ಊಟದ ಸಾಲಿನಿಂದ ಹಣ್ಣು, ತಿಂಡಿ ಕಟ್ಟಿಕೊಂಡು ಇಳಿಯುವುದನ್ನು ಹೆಚ್ಚಿನ ಬಂದರುಗಳಲ್ಲಿ ಬಿಡುವುದಿಲ್ಲ. ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಕಟ್ಟಿದ ಪೊಟ್ಟಣ ಆಪತ್ತಿಗೆ ಒದಗುತ್ತದೆ. ಹಾಲಿನ ಪದಾರ್ಥಗಳನ್ನು ಹೊರದೇಶಗಳಿಂದ ಯುರೋಪಿನೊಳಗೆ ತರಬಾರದೆಂಬ ಕಟ್ಟಳೆಯಿರುವುದರಿಂದ ಪೇಡೆಯ ಡಬ್ಬಿಯನ್ನು ಊರಿನಲ್ಲಿಯೇ ಬಿಟ್ಟು ಹೊರಡುವುದು ಕ್ಷೇಮ.

ಬಂದರಿನ ದಿನ ಪೂಜೆ ತಪ್ಪಬಾರದೆನ್ನುವವರು ಐದು ಗಂಟೆಗೇ ಏಳಬೇಕು. ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಯಾವುದನ್ನೂ ಹೊತ್ತಿಸುವಂತಿಲ್ಲ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲವಾದ್ದರಿಂದ ಈ ನಿಯಮವನ್ನು ಗೌರವಿಸತಕ್ಕದ್ದು. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುವವರು ಮರಳಿ ಹತ್ತುವಾಗ ಲೋಹಶೋಧಕ ಸದ್ದುಮಾಡುವ ಮೊದಲೇ ಕಾವಲಿನವರಿಗೆ ವಿನಯದಿಂದ ತಿಳಿಸಿದರೆ ಕೈಯಿಂದ ಪರೀಕ್ಷಿಸಿ ಬಿಡುತ್ತಾರೆ. ನಮ್ಮ ತಾಯಿಯವರಿಗೆ ಪ್ರತಿ ಬಾರಿಯೂ ಹಾಗೆಯೇ ಆಯಿತು.

ಪರದೇಶಕ್ಕೆ ಒಮ್ಮೆಲೇ ಹಾರಲು ಹಿಂಜರಿಯುವವರು ಮುಂಬಯಿಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳಿಗೆ ಹೋಗುವ ನಮ್ಮ ದೇಶದೊಳಗಿನ ಹಡಗುಗಳಲ್ಲಿ ಮೂರು ನಾಲ್ಕು ದಿನ ಅಭ್ಯಾಸ ಮಾಡಿಕೊಳ್ಳಬಹುದು. ಅದಕ್ಕೆ ವೀಸಾ ಬೇಕಿಲ್ಲ. ಕೊಚ್ಚಿಯಲ್ಲಿ ಫೋರ್ಟ್ ಕೊಚ್ಚಿ, ಮಟ್ಟಂಚೇರಿಗಳು ಬಂದರಿಗೆ ಸಮೀಪ, ಅಲ್ಲಿಯ ಯಹೂದಿ ಮಂದಿರಕ್ಕೆ ಶನಿವಾರ ರಜೆ. ಲಕ್ಷದ್ವೀಪದಲ್ಲಿ ಮಾತ್ರ ಸಾಂತೊರಿನಿಯಂತೆಯೇ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಮೊಣಕಾಲು ನೋವಿನವರಿಗೆ ಅದು ಒಗ್ಗುವುದೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿದುಹೋಗುತ್ತದೆ.